ಪೂಜೆಗಿಟ್ಟ ಸಲಿಕೆ

"ಏಯ್, ಸಲಿಕೆ ಅಲ್ಲೇ ಬಿಟ್ಟು ಮೇಲೆ ಬಾರೋ. ನೀನಿದ್ರೆ ಭಟ್ರು ಇಳಿಯಲ್ಲ ಅಂತಿದಾರೆ."

ಬಾಯ್ಲರ್ ಕೋಣೆಯ ಕಿಂಡಿಯಲ್ಲಿ ರವಿಶಂಕರನ ಜರಿಶಲ್ಯ ಜೋತಾಡುತ್ತಿತ್ತು. ಮ್ಯೂನಿಕ್‌ನ ಕನ್ನಡ ಕುಟುಂಬಗಳನ್ನೆಲ್ಲ ಸೇರಿಸಿ, ಆಯುಧಪೂಜೆಗೆಂದು ಸರೋವರದ ಈ ಹಳೆಯ ಉಗಿಹಡಗನ್ನೇ ಬಾಡಿಗೆಗೆ ಹಿಡಿದವನು ಅವನು. ಬೆಳಿಗ್ಗೆ ದಡದಲ್ಲಿ, ಕಲ್ಲಿದ್ದಲು ಹಾಕುವವನು ಕನ್ನಡಿಗನೆಂದು ತಿಳಿದು, ಸಿದ್ದಯ್ಯನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡವನೂ ಅವನೇ.

"ಊರು ಯಾವ್ದು ಗುರು?" ಎಂದಿದ್ದ.

"ಕೊಳ್ಳೇಗಾಲದ ತಾವ ಸಾ."

"ಊರೊಳಗೇನಾ?"

"ಇಲ್ಲ ಸಾ. ಹೊಲಗೇರಿ."

ಹೆಗಲ ಮೇಲಿನ ಕೈ ತಾನಾಗಿ ಜಾರಿತ್ತು.

ಈಗ ಸಿದ್ದಯ್ಯ ಕತ್ತೆತ್ತಿ ಹೇಳಿದ: "ಬೆಂಕಿ ಬುಟ್ಟು ಬರಾಕಾಗಲ್ಲ ಸಾ. ಮರದ ಹಡಗು."

"ಐದು ನಿಮಿಷ ಕಣಯ್ಯ. ಕ್ಯಾಪ್ಟನ್ನೇ ಓಕೆ ಅಂದಿದಾನೆ."

ಕ್ಯಾಪ್ಟನ್ ಹೋಲ್ಟ್‌ಮನ್ ಕಿಂಡಿಯ ಮೇಲಿನಿಂದ ಐದು ಬೆರಳು ತೋರಿಸಿದ. ಗಿರಾಕಿ ಹೇಳಿದಂತೆ ನಡೆದರೆ ಸಾಕು ಅವನಿಗೆ. ಊರಿನ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬಿಟ್ಟು ಬಂದ ಸಿದ್ದಯ್ಯನ ಪ್ರೊಬೆಟ್ಸೈಟ್, ಅಂದರೆ ಖಾಯಂ ಆಗುವ ಮುಂಚಿನ ಪರೀಕ್ಷೆಯ ಕಾಲ, ಈ ವಾರ ಮುಗಿಯುತ್ತಿತ್ತು. ಕ್ಯಾಪ್ಟನ್ ಹೂಂ ಅಂದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು. ಊಹೂಂ ಅಂದರೆ ಕೆಲಸದ ಜೊತೆ ವೀಸಾವೂ ಹೋಯಿತು.

ಬಾಯ್ಲರಿಗೆ ನೀರು ತುಂಬಿಸಿ, ಗಾಳಿಯ ಕಿಂಡಿ ಮುಚ್ಚಿ, ಬೆಂಕಿ ಮಂದ ಮಾಡಿ ಸಿದ್ದಯ್ಯ ಮೇಲೆ ಹತ್ತಿದ.

ಡೆಕ್ಕಿನ ಮೇಲೆ ಸ್ಮಿತಾ ಎಂಬಾಕೆ ಮೈಕ್ ಹಿಡಿದು ಹಡಗಿನ ಚರಿತ್ರೆ ಹೇಳುತ್ತಿದ್ದಳು. "ರಾಜಕುಮಾರಿ ಮದ್ವೆಗೆ ಅಂತ ಕಟ್ಟಿದ್ದಂತೆ. ಫುಲ್ ಓಕ್ ಮರ. ಯುದ್ಧದಲ್ಲಿ ಮುಳುಗ್ಸಿದ್ರು, ಆಮೇಲೆ ಎತ್ತಿ ರಿಪೇರಿ ಮಾಡಿದ್ರು. ಆಗೆಲ್ಲ ಕಲ್ಲಿದ್ದಲು ಹಾಕೋರು ರಾಣಿಯವರ ಕಣ್ಣಿಗೇ ಬೀಳೋ ಹಾಗಿರ್ಲಿಲ್ಲ. ಊಟಾನೂ ಕಿಂಡಿಯಿಂದ ಎಸೀತಿದ್ರಂತೆ. ಎಷ್ಟು ಕ್ರೂಯಲ್ ಅಲ್ವಾ?"

ಎಲ್ಲರೂ ಲೊಚಗುಟ್ಟಿದರು.

ಮೈಕ್ ಕೆಳಗಿಟ್ಟು ಅವಳೇ ಸಿದ್ದಯ್ಯನ ಕಡೆ ಬಂದಳು. ಅವನು ಹಿಡಿದ ಬೊಗಸೆಗೆ ಮೊಳದೆತ್ತರದಿಂದ ಕೋಸಂಬರಿ ಸುರಿದಳು. "ಸಾರಿ, ರೇಷ್ಮೆ ಸೀರೆ. ಮಸಿ ಆಗುತ್ತೆ." ಅರ್ಧ ನೆಲಕ್ಕೆ ಬಿತ್ತು.

ಕೆಳಗಿನಿಂದ ಭಟ್ಟರ ದನಿ ಕೇಳಿಸಿತು: "ರವಿ, ಆ ಸಲಿಕೆ ಮೊದ್ಲು ತೊಳೀರಿ. ಅವ್ನು ಹಿಡ್ಕೊಂಡಿದ್ದು."

ನೀರು ಸುರಿದ ಸದ್ದು. ಮತ್ತೂ ಒಂದು ಸಲ ಸುರಿದ ಸದ್ದು. ಗಂಟೆ, ಮಂತ್ರ, ಕರ್ಪೂರದ ವಾಸನೆ.

"ಆಯ್ತು, ಇಳಿ ಬೇಗ. ಪ್ರೆಶರ್ ಬೀಳ್ತಿದೆಯಂತೆ," ಎಂದ, ಭಟ್ಟರೊಡನೆ ಮೇಲೆ ಬಂದ ರವಿಶಂಕರ.

ಸಿದ್ದಯ್ಯ ಇಳಿದ. ಸಲಿಕೆಗೆ ಅರಿಶಿನ ಕುಂಕುಮ ಬಳಿದು ಸೇವಂತಿಗೆ ಏರಿಸಿದ್ದರು. ಅವನ ಅಂಗೈ ಸವೆಸಿದ ಹಿಡಿ ಇನ್ನೂ ಒದ್ದೆಯಾಗಿತ್ತು. ಅವನು ಕೈಚಾಚಿದ. ಹಿಂದಕ್ಕೆ ತೆಗೆದ. ಹೋಗಿ ಕಲ್ಲಿದ್ದಲ ರಾಶಿಯ ಮೇಲೆ ಕುಳಿತ.

"ಯಾಕೋ ಕೂತೆ?" ಕಿಂಡಿಯಿಂದ ರವಿಶಂಕರ ಕೇಳಿದ.

"ಪೂಜೆಗಿಟ್ಟ ಆಯುದ ಇವತ್ತು ಮುಟ್ಟಂಗಿಲ್ವಲ್ಲ ಸಾ. ನಾಳೆ ಎತ್ಕಬೇಕು. ನಮ್ಮವ್ವ ಹುಲ್ಲು ಕುಯ್ಯೋ ಕುಡ್ಲನೂ ಮುಟ್ತಿರ್ನಿಲ್ಲ."

"ತಮಾಷೆನೇನೋ ನನ್ಮಗನೇ?"

"ಅಯ್ನೋರ್ನೇ ಕೇಳಿ."

ಕಿಂಡಿಯ ಬಳಿ ನಿಂತಿದ್ದ ಭಟ್ಟರು ಕೆಮ್ಮಿದರು. "ಶಾಸ್ತ್ರ ಹಾಗೇ ಇದೆ ಕಣ್ರೀ..."

"ನೀವು ಸುಮ್ನಿರಿ ಸ್ವಾಮಿ!"

ಎಂಜಿನ್ನಿನ ಬಡಿತ ನಿಧಾನವಾಯಿತು. ನಿಂತಿತು. ನೀರಿನ ನಡುವೆ ಹಡಗು ಗಾಳಿಗೆ ಅಡ್ಡ ತಿರುಗಿತು. "ಮಾಮಾ, ಮಿರ್ ಇಸ್ಟ್ ಕಾಲ್ಟ್," ಎಂದು ಮೇಲೊಂದು ಮಗು ಚಳಿಗೆ ಅಮ್ಮನನ್ನು ಕರೆದು ಅಳತೊಡಗಿತು. ರವಿಶಂಕರ ಇಳಿದು ಬಂದು ತಾನೇ ಸಲಿಕೆ ಹಿಡಿದು ಕುಲುಮೆಯ ಬಾಗಿಲು ತೆರೆದ. ಝಳ ಮುಖಕ್ಕೆ ಹೊಡೆಯಿತು. ಶಲ್ಯದ ಅಂಚು ಚುರ್ರೆಂದಿತು. ಸಲಿಕೆ ಎಸೆದು ಹಿಂದಕ್ಕೆ ಹಾರಿದ.

"ಬೇವರ್ಸಿ! ತೋರಿಸ್ಬಿಟ್ಯಲ್ಲೋ ಹೊಲೇರ ಬುದ್ಧೀನ!"

"ಅದೂ ಶಾಸ್ತ್ರದಾಗದಾ ಸಾ?"

ಕ್ಯಾಪ್ಟನ್ ಕಿಂಡಿಯಲ್ಲಿ ಬಗ್ಗಿ ಕೂಗಾಡಿದ. ಈಗಲೇ ಕಲ್ಲಿದ್ದಲು ಹಾಕದಿದ್ದರೆ ಇನ್ನು ಕೆಲಸಕ್ಕೆ ಬರುವುದೇ ಬೇಡ ಎಂದ.

"ಮೋರ್ಗೆನ್," ಎಂದ ಸಿದ್ದಯ್ಯ. ನಾಳೆ.

"ನಿನಗೆ ನಾಳೆ ಇಲ್ಲ," ಎಂದು ಕ್ಯಾಪ್ಟನ್ ಜರ್ಮನ್‌ನಲ್ಲಿ ಹೇಳಿ ಹೋದ. ಲಂಗರಿನ ಸರಪಳಿ ಗರಗರ ಇಳಿಯಿತು. ಎಳೆದೊಯ್ಯಲು ದೋಣಿ ಕಳಿಸಿ ಎಂದು ಅವನು ದಡಕ್ಕೆ ಹೇಳುತ್ತಿದ್ದುದು ಕೇಳಿಸಿತು.

ರವಿಶಂಕರನೂ ಮೇಲೆ ಹೋದ. ಕುಲುಮೆಯೊಳಗೆ ಕೆಂಡ ಅಂಚಿನಿಂದ ಕಪ್ಪಾಗುತ್ತ ಬರುತ್ತಿತ್ತು. ಬೆಂಕಿ ಇಳಿದರೆ ಸುಮ್ಮನಿರಲಾರದ ಕೈಗಳು ತಾವಾಗಿಯೇ ಸಲಿಕೆಯ ಕಡೆ ಹೋಗುತ್ತಿದ್ದವು. ಸಿದ್ದಯ್ಯ ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿ ಕುಳಿತ.