ಫಕೀರಪ್ಪ ಮುಟ್ಟದ ಗೇರು

ನಾನು ಒಂದು ಸೈಕಲ್. ಗೇರ್ ಸೈಕಲ್ ಅಂತ ಮೆರೆಯುವ ಕಾಲ ಮುಗಿಯಿತು, ಈಗ ಬರೀ ಸೈಕಲ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬೆಂಕಿ, ಬಡಿತ, ಕೆಂಪು ಬಣ್ಣದ ವಾಸನೆ, ಅಷ್ಟೇ ನೆನಪು. ಕಣ್ಣು ಬಿಟ್ಟದ್ದು ಧಾರವಾಡದಲ್ಲಿ, ಫಕೀರಪ್ಪನ ಕೈಯಲ್ಲಿ.

ಅವನು ನನ್ನನ್ನು ರೇಸಿಗೆಂದು ತಂದಿದ್ದ. ನನ್ನ ಹಿಂದಿನ ಗಾಲಿಗೆ ಐದು ಹಲ್ಲುಚಕ್ರಗಳು, ಒಂದರ ಪಕ್ಕ ಒಂದು. ಚಿಕ್ಕದರ ಮೇಲೆ ಚೈನು ಕೂತರೆ ಓಟ ಜೋರು, ತುಳಿಯುವುದು ಮಾತ್ರ ಕಷ್ಟ. ದೊಡ್ಡದಿರುವುದು ದಿಬ್ಬ ಹತ್ತಲಿಕ್ಕೆ. ಆದರೆ ಈ ಮಹಾರಾಯ ಆಯುಷ್ಯವೆಲ್ಲ ಚಿಕ್ಕದರಲ್ಲೇ ತುಳಿದ. "ಗೇರ್ ಬದಲಿಸೂದು ಮುದುಕರ ಕೆಲಸ" ಅನ್ನುತ್ತಿದ್ದ. ರೇಸು ಬಿಟ್ಟು, ತಲೆ ನೆರೆತು, ಏದುಸಿರು ಬಿಡುವಾಗಲೂ ಅದೇ ಜಂಬ! ಅವನ ಮೊಣಕಾಲು ಹೋಯಿತು, ನನ್ನ ಜೀವವೂ ಹಣ್ಣಾಯಿತು. ಮಗಳು ದ್ಯಾಮವ್ವ ಹತ್ತಲು ಬಂದರೆ, "ನಿನಗ್ಯಾಕ ಇದು? ಇಳಿ ಕೆಳಗ" ಎಂದು ಗದರುತ್ತಿದ್ದ. ಪಾಪ, ಆ ಹುಡುಗಿ ನನ್ನನ್ನು ಒರೆಸಿ ಒರೆಸಿಯೇ ದೊಡ್ಡವಳಾದಳು.

ಫಕೀರಪ್ಪ ತೀರಿಕೊಂಡ ಮೇಲೆ ಬಚ್ಚಲ ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದ್ದೆ. ಇನ್ನಾದರೂ ಸುಮ್ಮನೆ ಬಿಡುತ್ತಾರೆ ಅಂದುಕೊಂಡಿದ್ದೆ, ಎಲ್ಲಿಯ ಸುಮ್ಮನೆ! ದ್ಯಾಮವ್ವನಿಗೆ ದಿಬ್ಬದ ಮೇಲಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಬಸ್ಸು ಶುರುವಾಗುವ ಮೊದಲೇ ಒಲೆ ಹೊತ್ತಬೇಕು. ನಡೆದು ಹೋಗಿ ದಿನಾ ತಡ. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದುಬಿಟ್ಟರು ವಾರ್ಡನ್. ಅವಳ ಮನೆಯ ಒಲೆ ಉರಿಯುತ್ತಿದ್ದದ್ದೂ ಆ ಕೆಲಸದಿಂದಲೇ. ನನ್ನನ್ನು ತಳ್ಳಿಕೊಂಡು ಸೈಕಲ್ ಅಂಗಡಿಯ ಖಾಜಾಸಾಬನ ಹತ್ತಿರ ಬಂದಳು.

"ಗೇರಿನ ಸಾಮಾನು ಎಲ್ಲಾ ಹಾಳಾಗೇತಿ ತಂಗಿ, ಈಗ ಸಿಗೂದೂ ಇಲ್ಲ. ಕಿತ್ತು ಹಾಕಿ ಒಂದ ಚಕ್ರಕ್ಕ ಚೈನ್ ಹಾಕತೇನಿ. ಯಾವುದಕ್ಕ ಹಾಕಲಿ?"

"ಅಪ್ಪ ತುಳದಿದ್ದಕ್ಕ ಹಾಕ್ರಿ, ಕಾಕಾ."

"ಅದು ಸವದು ಹೋಗೇತಿ. ಹೊಸಾ ಚೈನ್ ಅದರ ಮ್ಯಾಲ ನಿಲ್ಲಂಗಿಲ್ಲ, ಜಾರತೇತಿ."

"ಇರಲಿ ಕಾಕಾ. ಅಪ್ಪಂದು ಅಂತ ಉಳದಿದ್ದು ಅದೊಂದ."

ಖಾಜಾಸಾಬ ತಲೆ ಕೊಡವಿ ಕೆಲಸಕ್ಕೆ ಕೂತ. ಗೇರಿನ ಕಡ್ಡಿ ಹೋಯಿತು, ತಂತಿ ಹೋಯಿತು, ಉದ್ದದ ಹೊಸ ಚೈನು ಗಿಡ್ಡವಾಯಿತು. ಸಂಕಟವಾಯಿತು ಅಂದರೆ ಸುಳ್ಳು. ಹೊತ್ತು ಹೊತ್ತು ಸಾಕಾಗಿತ್ತು ನನಗೆ.

ಮರುದಿನ ನಸುಕಿನಲ್ಲಿ ದಿಬ್ಬದ ಅರ್ಧಕ್ಕೆ ಬಂದಿದ್ದೆವು. ಅವಳು ಎದ್ದು ನಿಂತು ಬಲ ಹಾಕಿ ತುಳಿದಳು. ಕಟಕ್ ಅಂತ ಚೈನು ಜಾರಿತು, ಇಬ್ಬರೂ ನೆಲಕ್ಕೆ. ಅವಳ ಅಂಗೈ ತರಚಿ ರಕ್ತ ಬಂತು. ರಸ್ತೆ ಬದಿಗೆ ಕೂತು ಅತ್ತುಬಿಟ್ಟಳು.

"ಇದ್ದಾಗ ಹತ್ತಗೊಡಲಿಲ್ಲ. ಸತ್ತ ಮ್ಯಾಲೂ ಕೆಡವತೀಯಲ್ಲೋ ಅಪ್ಪಾ!"

ತಳ್ಳಿಕೊಂಡೇ ಹೋದಳು, ಮತ್ತೆ ತಡ. ನಾಳೆ ಒಂದು ದಿನ ನೋಡುತ್ತೇನೆ, ಅಷ್ಟೇ, ಅಂದರು ವಾರ್ಡನ್. ಸಂಜೆ ಅಂಗಡಿಗೆ ಬಂದವಳು, "ಕಾಕಾ, ದೊಡ್ಡ ಚಕ್ರಕ್ಕ ಹಾಕಿಬಿಡ್ರಿ. ಅಪ್ಪನ ಕಾಲು ಅಪ್ಪಗ. ನನ್ನ ಕಾಲಿಗೆ ಆಗೂವಂಥಾದ್ದು ಇರಲಿ" ಅಂದಳು. ಖಾಜಾಸಾಬ ಚೈನಿನಿಂದ ಕತ್ತರಿಸಿದ್ದ ಕೊಂಡಿಗಳನ್ನು ಹುಡುಕಿ ಮತ್ತೆ ಜೋಡಿಸಿ, ದೊಡ್ಡ ಚಕ್ರಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ನಿಧಾನವಾಗಿ ಹತ್ತಿದೆವು, ಎಮ್ಮೆ ನಡೆದ ಹಾಗೆ. ಆದರೆ ಅವಳು ಇಳಿಯಲಿಲ್ಲ. ಮೇಲೆ ಮುಟ್ಟಿದಾಗ ಹಾಸ್ಟೆಲಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ನನ್ನ ಸೀಟು ತಟ್ಟಿ, "ಮುದುಕರ ಕೆಲಸ ಅಂತ, ಮುದುಕರ ಕೆಲಸ!" ಅಂತ ನಕ್ಕಳು. ಕಣ್ಣಲ್ಲಿ ನೀರಿತ್ತು.

ಈಗ ಹಗಲೆಲ್ಲ ಹಾಸ್ಟೆಲಿನ ಅಡುಗೆಮನೆಯ ಗೋಡೆಗೆ ಒರಗಿ ನಿಂತಿರುತ್ತೇನೆ. ಬಣ್ಣ ಹೋಗಿದೆ, ಸೀಟು ಹರಿದಿದೆ. ನಿಜ ಹೇಳಲೇ, ದಣಿದಿದ್ದೇನೆ. ಗುಜರಿಯವನು ಬಂದರೂ ಬೇಡ ಅನ್ನಲಾರೆ. ಫಕೀರಪ್ಪನ ಚಕ್ರ ನನ್ನೊಳಗೇ ಇದೆ, ಅದಕ್ಕೀಗ ಕೆಲಸವಿಲ್ಲ. ಅವನು ಎಂದೂ ಮುಟ್ಟದ ದೊಡ್ಡದು ಮಾತ್ರ ದಿನಾ ದುಡಿಯುತ್ತದೆ.

ಮೊನ್ನೆ ಖಾಜಾಸಾಬ ಅದರ ಹಲ್ಲಿನ ಮೇಲೆ ಬೆರಳಾಡಿಸಿ, "ಇದೂ ಸವೀಲಿಕ್ಕ ಹತ್ತೇತಿ ತಂಗಿ" ಅಂದ. ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡೆ. ದ್ಯಾಮವ್ವ ಬಗ್ಗಿ ನೋಡಿದಳು, ತಾನೂ ಬೆರಳಾಡಿಸಿದಳು.

"ಇದು ನಾ ಸವಿಸಿದ್ದು, ಅಲ್ಲೇನ್ರಿ ಕಾಕಾ?" ಅಂದಳು, ರೇಸು ಗೆದ್ದವಳ ಹಾಗೆ.