ಎದೆಮಟ್ಟದ ಗುರುಗಳು

ನಾಲ್ಕನೆಯ ಗಡ್ಡದ ಎದುರು ನಿಂತಾಗಲೂ ಅವನಿಗೆ ಏನೂ ಅನ್ನಿಸಲಿಲ್ಲ.

ಹಾಗೆ ನೋಡಿದರೆ ಗೋಡೆಯ ಮೇಲಿದ್ದವರೆಲ್ಲ ಅವನೇ ಆರಿಸಿ ತಂದವರು. ಹೋಟೆಲು, ಆಫೀಸುಗಳ ಗೋಡೆಗೆ ಹಳೆಯ ಚಿತ್ರಗಳನ್ನು ಒದಗಿಸುವ ಕಂಪನಿಯಲ್ಲಿ ಅವನಿಗಿದ್ದದ್ದು ಅದೇ ಕೆಲಸ. ಇತಿಹಾಸದಲ್ಲಿ ಎಂ.ಎ. ಮಾಡಿದ್ದಕ್ಕೆ ಸಿಕ್ಕಿದ್ದು. ಈ ರೆಸ್ಟೋರೆಂಟಿನ ಮಾಲೀಕನಿಗೆ ಧರ್ಮಗುರುಗಳು ಬೇಕಾಗಿದ್ದರು. ಯಾವ ಧರ್ಮವಾದರೂ ಆದೀತು. ಗಡ್ಡ ಇರಬೇಕು, ನೋಟ ಗಂಭೀರವಾಗಿರಬೇಕು, ಕಾಗದ ಮಾತ್ರ ಅಸಲಿ ಹಳೆಯದೇ ಆಗಬೇಕು. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದರೂ ಒಂದು ಚೌಕಟ್ಟು ಖಾಲಿ ಉಳಿದಿತ್ತು. ಆಗ ಅವನ ಮೇಜಿನ ಕೆಳಗೆ ಗಾಜು ಒಡೆದ ಅಪ್ಪನ ಫೋಟೋ ಇತ್ತು. ಹೊಸ ಗಾಜು ಹಾಕಿಸಿಕೊಂಡು ಬಾ ಎಂದು ಅಮ್ಮ ಕೊಟ್ಟದ್ದು.

ಅಪ್ಪನೂ ಒಂದು ಸಣ್ಣ ಪಂಥದ ಗುರು. ಗಡ್ಡವೂ ಇತ್ತು. ಖಾಲಿ ಚೌಕಟ್ಟು ತುಂಬಿತು.

ಈಗ ಅಮ್ಮ ನಾಳೆ ಬೆಳಿಗ್ಗೆ ಅಕ್ಕನ ಮನೆಗೆ ಹೊರಟಿದ್ದಳು, ಇನ್ನು ಅಲ್ಲೇ ಇರುವುದಕ್ಕೆ. "ಬೇರೇನೂ ಬೇಡಪ್ಪ. ಗುರುಗಳ ಫೋಟೋ ಕೊಟ್ಟುಬಿಡು. ಇರೋದೇ ಅದೊಂದು," ಎಂದಿದ್ದಳು. ಗಂಡ ಅವಳಿಗೆ ಕೊನೆಯವರೆಗೂ ಗುರುಗಳೇ. ಮಗನಿಗೂ ಅಷ್ಟೇ. ಆ ಮನೆಯಲ್ಲಿ ಅಪ್ಪ ಎಂಬ ಮಾತಿಗೆ ಕೆಲಸವಿರಲಿಲ್ಲ.

"ಸಿಕ್ಕಿದ್ರಾ ಸಾರ್?" ಮ್ಯಾನೇಜರ್ ಕೇಳಿದ. "ಊಟದ ಹೊತ್ತಾಯ್ತು. ಜನ ಬರ್ತಾರೆ."

"ನೋಡ್ತಾ ಇದ್ದೀನಿ."

"ಯಾರು ಬೇಕು ಹೇಳಿ, ಇಳಿಸ್ತೀನಿ. ನಮ್ಮ ಸಪ್ಲೈಯರ್‌ಗಳು ಎಲ್ಲರಿಗೂ ಹೆಸರಿಟ್ಟಿದ್ದಾರೆ." ಮ್ಯಾನೇಜರ್ ಬೆರಳು ತೋರಿಸುತ್ತ ಹೋದ. "ಇವರು ನಿದ್ದೆಗಣ್ಣು. ಇವರು ಬಿಲ್ ತಪ್ಪಾಯ್ತು. ಇವರು ಉಪ್ಪು ಜಾಸ್ತಿ. ಮುಖ ನೋಡಿ ಸಾರ್, ಬಾಯಲ್ಲಿರೋ ತುತ್ತು ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ."

ಅವನು ನಕ್ಕ. ನಕ್ಕ ಮೇಲೆ, ಅದೇ ಅಪ್ಪನಾಗಿದ್ದರೆ ಎಂದು ಹೊಳೆಯಿತು.

ಆಚೆ ಬಂದು, ಕಂಪನಿಯಲ್ಲಿ ಫೋಟೋ ತಿದ್ದುವವನಿಗೆ ಫೋನ್ ಮಾಡಿದ.

"ಆ ಗುರುಗಳ ಗೋಡೆ ಮಾಡಿದ್ವಲ್ಲ. ಅದರಲ್ಲಿ ನಾನು ಕೈಯಾರೆ ತಂದುಕೊಟ್ಟದ್ದು ಯಾವುದು, ಗುರುತಿದೆಯಾ?"

"ಎಲ್ಲಾ ನೀವೇ ತಂದ್ಕೊಟ್ಟಿದ್ದಲ್ವಾ ಸಾರ್?"

"ನಿಂತಿರೋ ಫೋಟೋ. ಕಾಲು ಕಾಣ್ತಿತ್ತು."

"ಎಲ್ಲರಿಗೂ ಕಾಲಿತ್ತು ಸಾರ್, ಕತ್ತರಿಸೋಕೆ ಮುಂಚೆ. ಎದೆಮಟ್ಟ ಸಾಕು, ಕಾಲು ಯಾರಿಗೆ ಬೇಕು ಅಂದೋರು ನೀವೇ. ಒಂದೇ ಮನೆಯವರ ಹಾಗೆ ಕಾಣ್ಲಿ ಅಂದೋರೂ ನೀವೇ. ಹುಬ್ಬು, ಗಡ್ಡ ಎಲ್ಲಾ ಒಂದೇ ಕುಂಚದಲ್ಲಿ ಎಳೆದುಬಿಟ್ಟೆ."

"ಕತ್ತರಿಸಿದ ತುಂಡು?"

"ಕಸದ ಜೊತೆ ಆವತ್ತೇ ಹೋಯ್ತು. ಯಾರದು ಸಾರ್ ಫೋಟೋ?"

"ಯಾರೋ ಪರಿಚಯದವರದು."

ಕಾಲಾಗಿದ್ದರೆ ಸಂತೆಯಲ್ಲಿ ನಿಲ್ಲಿಸಿದರೂ ಗುರುತಿಸುತ್ತಿದ್ದ. ಗುರುಗಳ ಎದುರು ಯಾರೂ ತಲೆ ಎತ್ತುವಂತಿರಲಿಲ್ಲ. ಮಗನೆಂದು ರಿಯಾಯಿತಿಯೇನೂ ಇರಲಿಲ್ಲ. ಪರೀಕ್ಷೆ ಪಾಸಾದದ್ದು, ಹಾಸ್ಟೆಲಿಗೆ ಹೋಗುತ್ತೇನೆಂದದ್ದು, ನಿಮ್ಮ ಪೀಠ ನನಗೆ ಬೇಡವೆಂದದ್ದು, ಎಲ್ಲವನ್ನೂ ಅವನು ಆ ಪಾದಗಳಿಗೇ ಹೇಳಿದ್ದ. ಬಲಗಾಲಿನ ಹೆಬ್ಬೆರಳ ಮೇಲೆ ಹತ್ತಿ ಕೂತ ಪಕ್ಕದ ಬೆರಳು. ಕಪ್ಪುಗಟ್ಟಿದ ಉಗುರು. ಪೀಠ ಬೇಡವೆಂದ ದಿನ ಆ ಬೆರಳು ಒಮ್ಮೆ ಮಡಚಿ ಬಿಚ್ಚಿಕೊಂಡಿತು. ಮೇಲೆ ಮುಖದಲ್ಲಿ ಏನಾಯಿತೋ ಅವನಿಗೆ ಗೊತ್ತಿಲ್ಲ. ಸತ್ತಾಗ ಭಕ್ತರ ನೂಕುನುಗ್ಗಲಿನಲ್ಲಿ ಅವನಿಗೆ ಜಾಗ ಸಿಕ್ಕಿದ್ದೂ ಕಾಲಿನ ಕಡೆಗೇ. ಫೋಟೋ ಅಮ್ಮನ ಕೋಣೆಗೆ ಬಂದ ಮೇಲೂ ಕಾಲನ್ನಷ್ಟೇ ನೋಡುವ ಹಳೆಯ ಚಾಳಿ ಬಿಡಲಿಲ್ಲ.

ಒಳಗೆ ಹೋಗಿ, "ಉಪ್ಪು ಜಾಸ್ತಿ ಇಳಿಸಿ," ಎಂದ.

"ಇವರೇ ತಾನೇ?"

"ಇವರೇ."

ಪೀಠ ಬೇಡವೆಂದ ದಿನ ಮುಖ ಹೀಗೇ ಇದ್ದಿರಬಹುದು. ಅದಕ್ಕಿಂತ ಹೆಚ್ಚಿನ ಆಧಾರ ಅವನಲ್ಲಿರಲಿಲ್ಲ.

"ಜಾಗ ಖಾಲಿ ಉಳಿಯುತ್ತಲ್ಲ ಸಾರ್?"

"ಇನ್ನೊಬ್ಬರನ್ನ ಕಳಿಸ್ತೀನಿ."

"ಗಡ್ಡ ಒಂದಿದ್ರೆ ಸಾಕು."

ಸಂಜೆ ಅವನು ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಚುತ್ತಿದ್ದಳು. ಕೈ ಒರೆಸಿಕೊಂಡು ಎದ್ದು ಬಂದಳು. ಚೌಕಟ್ಟನ್ನು ಅವನು ಕುರ್ಚಿಯ ಮೇಲೆ ನಿಲ್ಲಿಸಿದ. ಅವಳು ಮೇಲೆ ನೋಡಲಿಲ್ಲ. ದಿನಾ ಒರೆಸುತ್ತಿದ್ದ ಅಭ್ಯಾಸದಲ್ಲಿ ಬೆರಳು ನೇರ ಗಾಜಿನ ಕೆಳತುದಿಗೆ ಹೋಯಿತು, ಮರದ ಪಟ್ಟಿಗೆ ತಾಗಿ ನಿಂತಿತು.

"ಕಾಲೆಲ್ಲಿ?"

"ಅಲ್ಲಿ ಹುಳ ಹಿಡಿದಿತ್ತಮ್ಮ. ತೆಗೆಸಿದೆ."

ಅವಳು ಬೆರಳನ್ನು ಪಟ್ಟಿಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ಎಳೆದಳು. ಮತ್ತೊಮ್ಮೆ ಎಳೆದಳು.

"ಇವರು ಅವರೇನಾ?"

"ನಿಂಗೆ ಗೊತ್ತಾಗಲ್ವೇನಮ್ಮ?"

"ನಾನೆಲ್ಲಿ ತಲೆ ಎತ್ತಿ ನೋಡಿದ್ದೆ? ನೀನು ಓದಿದವನು. ನೀನು ಹೇಳು."

ಹೇಳುವುದಕ್ಕೆ ಅವನು ಆ ಮುಖವನ್ನು ನೋಡಬೇಕಿತ್ತು. ಕತ್ತು ತಾನಾಗಿಯೇ ಬಾಗಿತು. ಚೌಕಟ್ಟಿನ ಕೆಳಗೆ ಕುರ್ಚಿಯ ಕಾಲುಗಳಿದ್ದವು. ಅದರಲ್ಲೊಂದು ಗಿಡ್ಡ, ಅದರಡಿಗೆ ಅವನೇ ಎಂದೋ ಮಡಚಿಟ್ಟ ರಟ್ಟು. ಭಾರಕ್ಕೋ ಏನೋ, ಆ ಗಿಡ್ಡ ಕಾಲು ಒಮ್ಮೆ ಸಣ್ಣಗೆ ಅಲುಗಿ ನಿಂತಿತು.

"ಇವರೇ," ಎಂದ ಅವನು, ಆ ಕಾಲಿಗೆ.