ಹೇರ್‌ಪಿನ್‌ನಿಂದ ಕೆರೆದ ಫೋನ್ ಕಾರ್ಡು

ನಾನು ಒಂದು ಫೋನ್ ಕಾರ್ಡು. ಹಳೆಯ ವಾರಪತ್ರಿಕೆಗಳ ಮುಖಪುಟದ ಚಿತ್ರಗಳನ್ನು ನಮ್ಮಂಥವರ ಮೈಮೇಲೆ ಅಚ್ಚು ಹಾಕಿ ಮಾರುತ್ತಿದ್ದ ಕಾಲದಲ್ಲಿ ಹುಟ್ಟಿದೆ. ನನ್ನ ಪಾಲಿಗೆ ಬಂದವಳು ಕಟ್ಟೆಯ ಮೇಲೆ ಕೂತು ಹೂ ಕಟ್ಟುವ ಎರಡು ಜಡೆಯ ಹುಡುಗಿ. ಹಿಂಬದಿಯಲ್ಲೊಂದು ಬೆಳ್ಳಿ ಬಣ್ಣದ ಪಟ್ಟಿ. ಕೆರೆದರೆ ಸಂಖ್ಯೆ, ಸಂಖ್ಯೆ ಒತ್ತಿದರೆ ಮಾತು. ನನ್ನ ಚಂದದ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಹುಬ್ಬಳ್ಳಿಯ ಅಂಗಡಿಯಲ್ಲಿ ಕಸ್ತೂರಿ ನನ್ನನ್ನು ಕಂಡ ಕೂಡಲೇ ಕೊಂಡಳು. ಇದೇ ಮುಖಪುಟವನ್ನು ಅವಳ ಅವ್ವ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳಂತೆ. ತಲೆಯ ಹೇರ್‌ಪಿನ್ ತೆಗೆದು ನನ್ನನ್ನು ಓರೆಕೋರೆಯಾಗಿ ಕೆರೆದಳು. ಗದಗಿನಲ್ಲಿದ್ದ ಅವ್ವನ ನೆರೆಮನೆಗೆ ಫೋನು ಹಚ್ಚಿ ಅವ್ವನನ್ನು ಕರೆಸಿದಳು.

"ಜ್ವಾಳದ ಹಿಟ್ಟ ಬೀಸಿಟ್ಟೀನಿ, ಬಂದ ಒಯ್ಯಿ," ಎಂದಳು ಅವ್ವ.

ಮೂರನೆಯ ದಿನ ಅವ್ವ ತೀರಿಕೊಂಡಳು. ನನ್ನಲ್ಲಿ ಇನ್ನೂ ಎರಡು ನಿಮಿಷದ ಮಾತು ಉಳಿದಿತ್ತು. ಕಸ್ತೂರಿ ಅದನ್ನು ಬೇರೆ ಯಾರೊಂದಿಗೂ ಆಡಲಿಲ್ಲ.

ಅವಳ ಗಂಡ ಮಹಾಂತೇಶನಿಗೆ ಕಾರ್ಡು ಕೂಡಿಸುವ ಹುಚ್ಚು. "ನಿಮ್ಮ ಆಲ್ಬಮ್‌ನ್ಯಾಗ ಜ್ವಾಕಿಯಿಂದ ಇಡ್ರಿ," ಎಂದು ನನ್ನನ್ನು ಅವನ ಕೈಗಿತ್ತಳು. ಅವನೂ ಹೂಂ ಎಂದ. ಆದರೆ ಈ ಹವ್ಯಾಸದವರಲ್ಲಿ ಒಂದು ರೂಢಿಯಿದೆ. ಒಂದೇ ಚಿತ್ರದ ಎರಡು ಕಾರ್ಡಿದ್ದರೆ ಕೆರೆಯದೇ ಇದ್ದದ್ದನ್ನು ಇಟ್ಟುಕೊಂಡು ಕೆರೆದದ್ದನ್ನು ಅದಲುಬದಲಿಗೆ ಬಿಡುತ್ತಾರೆ. ಅವನಿಗೆ ಕೆರೆಯದೇ ಇದ್ದದ್ದೊಂದು ಸಿಕ್ಕ ವಾರವೇ, ಕಾರ್ಡು ಕೂಡಿಸುವವರ ಭಾನುವಾರದ ಕೂಟದಲ್ಲಿ, ನಾನು ವಾದಿರಾಜ ಮೇಷ್ಟ್ರ ಡಬ್ಬಿ ಸೇರಿದೆ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ನಂಬಿದವರ ಕತ್ತು ಕೊಯ್ಯುವುದು ಎಂದರೆ ಇದೇ. ಮೇಷ್ಟ್ರು ನನ್ನ ಬೆನ್ನಿಗೆ, ಹೇರ್‌ಪಿನ್ನಿನ ಗೀರು ಮುಚ್ಚುವಷ್ಟು ಅಗಲವಾದ ಚೀಟಿ ಅಂಟಿಸಿ ನಂಬರು ಬರೆದರು.

ಆಲ್ಬಮ್ಮಿನಲ್ಲಿ ನನ್ನ ಜಾಗದಲ್ಲಿ ಹೊಸ ಕಾರ್ಡು ಕಂಡ ಕಸ್ತೂರಿ ಮುಂದಿನ ಭಾನುವಾರ ಗಂಡನನ್ನು ಕರೆದುಕೊಂಡು ಕೂಟಕ್ಕೆ ಬಂದಳು. ಮೇಷ್ಟ್ರು ಅದೇ ಚಿತ್ರದ ಆರು ಕಾರ್ಡು ಮುಂದಿಟ್ಟರು. ಆರಕ್ಕೂ ಚೀಟಿ; ಯಾವುದು ಯಾರಿಂದ ಬಂತೆಂದು ಅವರು ಬರೆದಿಟ್ಟಿರಲಿಲ್ಲ. ಒಂದರದ್ದನ್ನು ಕಿತ್ತು ನೋಡಿದರು. ಪಟ್ಟಿಯೂ ಅದರ ಗೀರೂ ಚೀಟಿಯ ಜೊತೆಗೇ ಎದ್ದು ಬಂದವು, ಗುರುತು ಉಳಿಯಲಿಲ್ಲ.

"ಎಲ್ಲಾ ಒಂದ ಚಿತ್ರ ಐತಲ್ಲ," ಎಂದ ಮಹಾಂತೇಶ. "ನಿನಗ ಹೊಸಾದ ಇಟ್ಟೀನಿ, ಇನ್ನೇನ ಬೇಕು?"

"ಚಿತ್ರಕ್ಕಂತ ಕೊಟ್ಟಿದ್ದಿಲ್ರಿ ನಾ. ನಮ್ಮವ್ವನ ಕೂಡ ಕಡೀಕ ಮಾತಾಡಿದ್ದು ಅದರಾಗ. ನಿಮಗ ಗೊತ್ತಿತ್ತು."

ಅವನು ಆಲ್ಬಮ್ಮಿನ ಹಾಳೆ ತಿರುವುತ್ತ ನಿಂತ. ಅವಳು ಕಾರ್ಡುಗಳನ್ನು ಒಂದೊಂದಾಗಿ ಎತ್ತಿದಳು. ನನ್ನನ್ನೂ ಎತ್ತಿದಳು, ತಿರುಗಿಸಿದಳು, ಚೀಟಿಯ ಮೇಲೆ ಬೆರಳಾಡಿಸಿದಳು, ಕೆಳಗಿಟ್ಟಳು.

ಈಗ ನಾನು ಮೇಷ್ಟ್ರ ಆಲ್ಬಮ್ಮಿನಲ್ಲಿದ್ದೇನೆ. ಬಂದವರು ಹೂ ಕಟ್ಟುವ ಹುಡುಗಿಯನ್ನು ನೋಡಿ ಚಂದ ಎನ್ನುತ್ತಾರೆ. ಆ ಜಂಬ ನನಗೀಗ ಇಲ್ಲ. ಅವ್ವನ ಮಾತನ್ನು ಕಸ್ತೂರಿಯ ಕಿವಿಗೆ ಮುಟ್ಟಿಸಿದ್ದು ನಾನು. ಅವಳ ಕೈಯಲ್ಲೇ ಇದ್ದಾಗ, ಅದು ನಾನೇ ಎಂದು ಹೇಳಲು ನನ್ನಿಂದ ಆಗಲಿಲ್ಲ.